ಒಡಪಿನಲ್ಲಿ ಬಂದ ಬೇರೆ ಹೆಸರು

ನಮ್ಮ ಕಡೆ ಹೆಂಡತಿಯಾದವಳು ಗಂಡನ ಹೆಸರನ್ನು ನೇರವಾಗಿ ಹೇಳುವುದಿಲ್ಲ. ಹೇಳಲೇಬೇಕಾಗಿ ಬಂದರೆ ಒಡಪು ಕಟ್ಟುತ್ತಾಳೆ. ಎರಡು ಸಾಲು ಪ್ರಾಸ ಹೊಂದಿಸಿ, ಅದರೊಳಗೆ ಹೆಸರನ್ನು ಸೇರಿಸಿ ಹೇಳಿಬಿಡುತ್ತಾಳೆ. ಮದುವೆ, ಬಸುರಿಯ ಕುಬಸ, ಕೂಸಿನ ತೊಟ್ಟಿಲು, ಕಾರ್ಯ ಯಾವುದೇ ಇರಲಿ, ಹೆಂಗಸರು ಬಾಗಿಲಿಗೆ ಅಡ್ಡ ನಿಂತು "ಹೆಸರ ಹೇಳಿ ಒಳಗ ಬಾ" ಅನ್ನುತ್ತಾರೆ. ಇದರಲ್ಲಿ ನನ್ನದು ಎತ್ತಿದ ಕೈ. ಯಲಬುರ್ಗಾ ಕಡೆಯ ತವರಿನಿಂದ ಸೊಸೆ ತಂದದ್ದು ಬಾಯಿ ಒಂದೇ ಎಂದು ನಮ್ಮ ಅತ್ತೆ ಇರುವವರೆಗೂ ಚುಚ್ಚುತ್ತಿದ್ದರು. ನಿಂತ ಕಾಲಲ್ಲೇ ಹೊಸ ಒಡಪು ಕಟ್ಟಿ ಹೇಳುತ್ತಿದ್ದೆ, ಹೇಳಿದ್ದನ್ನು ಎರಡನೇ ಸಲ ಹೇಳುತ್ತಿರಲಿಲ್ಲ. ಅಂಥ ನನ್ನ ಬಾಯಿಂದ, ತುಂಬಿದ ಮನೆಯಲ್ಲಿ, ಬೇರೆ ಗಂಡಸಿನ ಹೆಸರು ಬಂತು.

ಎಚ್‌ಐವಿ ಗುಳಿಗೆಯನ್ನು ಒಂದು ದಿನವೂ ತಪ್ಪಿಸದೆ ನುಂಗುತ್ತ, ರಿಪೋರ್ಟು ಚೆನ್ನಾಗಿದ್ದರೂ ತಲೆ ಕೈಕೊಡುತ್ತಿದೆ ಎಂದು ಒಳಗೊಳಗೇ ಹೆದರಿ ಕೂತವರು ನನ್ನ ಹಾಗೆ ಇನ್ನೂ ಇದ್ದಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಿಮಗೆ ಹುಚ್ಚು ಹಿಡಿದಿಲ್ಲ. ಅದೂ ಒಂದು ಕಾಯಿಲೆ, ನೋಡುವ ಡಾಕ್ಟರಿದ್ದಾರೆ, ಬೇಗ ತೋರಿಸಿ. ಧೈರ್ಯ ಹೇಳಲು ನನ್ನಲ್ಲಿರುವ ಮಾತು ಇಷ್ಟೇ. ಮುಂದೆ ಬರೆದದ್ದರಲ್ಲಿ ಧೈರ್ಯಕ್ಕಿಂತ ಸಿಟ್ಟೇ ಹೆಚ್ಚಿದೆ. ನನ್ನದೂ ಸೇರಿದಂತೆ ಎಲ್ಲರ ಹೆಸರನ್ನು ಬದಲಿಸಿದ್ದೇನೆ. ಒಡಪಿನಲ್ಲಿ ಬಂದ ಶರಣಪ್ಪ ಎಂಬ ಹೆಸರನ್ನು ಮಾತ್ರ ಹಾಗೇ ಬಿಟ್ಟಿದ್ದೇನೆ. ನಮ್ಮ ಜಿಲ್ಲೆಯಲ್ಲಿ ಸಂತೆಯೊಳಗೆ ನಿಂತು ಶರಣಪ್ಪ ಎಂದು ಕೂಗಿದರೆ ಹತ್ತು ಮಂದಿ ತಿರುಗಿ ನೋಡುತ್ತಾರೆ, ಯಾರ ಗುರುತೂ ಸಿಗುವುದಿಲ್ಲ.

ನಮ್ಮ ಮನೆಯವರು ಭತ್ತ ಕೊಯ್ಯುವ ಮಷಿನ್ ಓಡಿಸುತ್ತಾರೆ. ಶ್ರೀರಾಮನಗರದ ಸುತ್ತ ಸುಗ್ಗಿ ಮುಗಿದ ಮೇಲೆ ಮಷಿನ್ ಜೊತೆ ಆಂಧ್ರದ ಕಡೆ ಹೋದರೆಂದರೆ ಎರಡು ತಿಂಗಳು ಮುಖ ಕಾಣಿಸುತ್ತಿರಲಿಲ್ಲ. ನಾನು ತಾವರಗೇರಾ ಹತ್ತಿರದ ನಮ್ಮೂರಿನಲ್ಲಿ ಪಂಚಾಯ್ತಿಯ ಗ್ರಂಥಾಲಯ ನೋಡಿಕೊಳ್ಳುತ್ತಿದ್ದೆ. ನಮಗೆ ಒಬ್ಬಳೇ ಮಗಳು, ಸವಿತಾ. ಒಂಬತ್ತು ವರ್ಷದ ಹಿಂದೆ ನಮ್ಮ ಮನೆಯವರ ಸೊಂಟಕ್ಕೆ ಸರ್ಪಸುತ್ತು ಎದ್ದು ಬೇಗ ಮಾಯಲಿಲ್ಲ. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು, ಆಮೇಲೆ ನನ್ನನ್ನೂ ಮಗಳನ್ನೂ ಕರೆಸಿದರು. ಅವರಿಗೆ ಇತ್ತು, ನನಗೂ ಇತ್ತು. ಮಗಳಿಗೆ ಇರಲಿಲ್ಲ. ಆ ದಿನ ಸಿಕ್ಕ ಒಳ್ಳೆಯ ಸುದ್ದಿ ಅದೊಂದೇ.

ಆವತ್ತು ಕೊಪ್ಪಳದ ಬಸ್ ಸ್ಟ್ಯಾಂಡಿನಲ್ಲಿ, ಮಟಮಟ ಮಧ್ಯಾಹ್ನ, ಕಲ್ಲಿನ ಬೆಂಚಿನ ಮೇಲೆ ಕೂತಾಗ ಅವರು ಅತ್ತರು.

"ತಪ್ಪಾಗೈತಿ. ಮಷಿನ್ ಜೋಡಿ ಆ ಕಡಿ ಹೋದಾಗ ದಾರಿ ತಪ್ಪಿದ್ನಿ. ನನ್ನಿಂದನ ನಿನಗ ಬಂದೈತಿ. ಅವ್ವಗ, ಅಕ್ಕಗ ಮಾತ್ರ ಹೇಳಬ್ಯಾಡ. ನಿನ್ನ ಕಾಲಿಗೆ ಬೀಳ್ತೀನಿ."

ನಾನು ಯಾರಿಗೂ ಹೇಳಲಿಲ್ಲ. ಅಳುವ ಗಂಡಸನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು, ಕರಗಿಹೋದೆ. ಆ ಮಾತನ್ನು ಕೇಳಿದವಳು ನಾನೊಬ್ಬಳೇ. ಅದು ಉಳಿದದ್ದು ನನ್ನ ನೆನಪಿನಲ್ಲಿ ಮಾತ್ರ.

ಅವರ ಅಕ್ಕ, ನನ್ನ ನಾದಿನಿ ನೀಲವ್ವ, ಗಂಗಾವತಿಯಲ್ಲಿರುತ್ತಾರೆ. ಕಾಯಿಲೆಯ ವಿಷಯ ಕಿವಿಗೆ ಬಿದ್ದ ದಿನವೇ ಬಂದು ತೀರ್ಪು ಕೊಟ್ಟರು. "ದಿನಾ ಲೈಬ್ರರಿಯೊಳಗ ಗಂಡಸರ ನಡುವ ಕುಂದರಾಕಿ ಇಕಿ. ಇಕಿಯಿಂದನ ನನ್ನ ತಮ್ಮಗ ಬಂದೈತಿ." ನಮ್ಮ ಮನೆಯವರು ಜಂತಿ ನೋಡುತ್ತ ನಿಂತಿದ್ದರು. ಕೊನೆಗೆ, "ಯಾರಿಂದ ಬಂತು ಅನ್ನೂದು ಬ್ಯಾಡ ಬಿಡಕ್ಕಾ, ನಾ ಏನೂ ಅನ್ನಂಗಿಲ್ಲ" ಅಂದರು. ತಾವು ಮಾಡಿದ ತಪ್ಪಿಗೆ ನನ್ನನ್ನು ಕ್ಷಮಿಸಿದರು! ನೀಲವ್ವ ಕಣ್ಣು ಒರೆಸಿಕೊಂಡು, ನನ್ನ ತಮ್ಮ ದೇವರಂಥಾವ ಅಂದರು. ಅಂದಿನಿಂದ ಆ ಮನೆಯಲ್ಲಿ ನಾನು ಕ್ಷಮೆ ಪಡೆದವಳಾಗಿ ಬಾಳಿದೆ.

ಗುಳಿಗೆ ಚೆನ್ನಾಗಿ ಹತ್ತಿದವು. ವೈರಸ್ಸು ಎಣಿಕೆಗೆ ಸಿಗದಷ್ಟು ಕಡಿಮೆಯಾಗಿದೆ ಎಂದು ರಿಪೋರ್ಟು ಬಂತು, ವರ್ಷಗಟ್ಟಲೆ ಹಾಗೇ ಬರುತ್ತಿತ್ತು. ಮರೆವು ಶುರುವಾದದ್ದು ಕಳೆದ ವರ್ಷದ ಬೇಸಿಗೆಯಲ್ಲಿ. ಮೊದಲು ಕೈ ನಿಧಾನವಾಯಿತು. ರೊಟ್ಟಿ ಬಡಿಯಲು ಕೂತರೆ ಹಿಟ್ಟು ನಾದಿದ ಮೇಲೆ ಮುಂದೇನು ಮಾಡಬೇಕೆಂದು ತೋಚದೆ ಹಂಚನ್ನೇ ನೋಡುತ್ತಿದ್ದೆ. ಬಡಿದ ರೊಟ್ಟಿ ಅಂಚಿನಲ್ಲಿ ಸೀಳುತ್ತಿತ್ತು. ಗ್ರಂಥಾಲಯದಲ್ಲಿ ಪೇಪರಿನ ಒಂದೇ ಸುದ್ದಿಯನ್ನು ನಾಲ್ಕು ಸಲ ಓದಿದರೂ ಏನು ಓದಿದೆ ಎಂದು ಹೇಳಲು ಬರುತ್ತಿರಲಿಲ್ಲ. ಯಾರದೋ ಪುಸ್ತಕವನ್ನು ಇನ್ಯಾರದೋ ಕಾರ್ಡಿಗೆ ಬರೆದೆ. ಎದುರಿಗೆ ನಿಂತವರ ಮುಖ ಗೊತ್ತು, ಹೆಸರು ಗೊತ್ತಿಲ್ಲ. "ಏನಕ್ಕಾ, ಧ್ಯಾನ ಎಲ್ಲೈತಿ?" ಎಂದು ನಗುತ್ತಿದ್ದರು. ನಾನೂ ನಗುತ್ತಿದ್ದೆ. ನಲವತ್ತೆರಡು ವರ್ಷಕ್ಕೆ ಅರಳು ಮರಳು ಎಂದು ಯಾರಿಗೆ ಹೇಳಲಿ? ಹೇಳಿದರೆ ಕೆಲಸ ಹೋಗುತ್ತದೆ ಎಂದು ಹೆದರಿದ್ದೆ.

ಗಂಡನ ಹೆಸರು ಮರೆತದ್ದು ಮಾತ್ರ ನನಗೇ ಗೊತ್ತಿರಲಿಲ್ಲ. ಹೇಗೆ ಗೊತ್ತಾಗಬೇಕು? ಹೆಸರು ಹಿಡಿದು ಕರೆಯುವ ಪದ್ಧತಿಯೇ ಇಲ್ಲ. ಮನೆಯಲ್ಲಿ "ರೀ" ಅಂದರೆ ಮುಗಿಯಿತು, ಹೊರಗೆ "ನಮ್ಮ ಮನೆಯವರು". ಹೆಸರು ಯಾವಾಗ ಹೋಯಿತೋ, ಎಷ್ಟು ತಿಂಗಳು ನಾನು ಅದಿಲ್ಲದೆ ಸಂಸಾರ ಮಾಡಿದೆನೋ, ದೇವರಿಗೇ ಗೊತ್ತು.

ಹೋದ ಶ್ರಾವಣದಲ್ಲಿ ನೀಲವ್ವನ ಮೊಮ್ಮಗನ ತೊಟ್ಟಿಲು. ಸವಿತಾ ಆಗ ಗಂಗಾವತಿಯಲ್ಲೇ ನರ್ಸಿಂಗ್ ಮೊದಲ ವರ್ಷ ಓದುತ್ತಿದ್ದಳು. ಹಾಸ್ಟೆಲಿನಿಂದ ಅತ್ತೆಯ ಮನೆಗೆ ಬಂದು, ಎಲ್ಲರಿಗೂ ಗುಗ್ಗರಿ ಹಂಚುತ್ತಿದ್ದಳು. ನಮ್ಮ ಕಾಯಿಲೆಯ ವಿಷಯ ಅವಳಿಗೆ ಆವರೆಗೆ ಹೇಳಿರಲಿಲ್ಲ. ನಾನು ಹೊಸ್ತಿಲು ದಾಟುವಾಗ ಹೆಂಗಸರು ಅಡ್ಡ ನಿಂತರು. "ರೇಣುಕಾ ಬಂದ್ಳು, ಒಡಪ ಕೇಳ್ರೆ" ಎಂದು ಒಳಗಿದ್ದವರೂ ಎದ್ದು ಬಂದರು. ನನಗೆ ಖುಷಿಯಾಯಿತು. ಸುಳ್ಳು ಯಾಕೆ ಹೇಳಲಿ, ಆ ಮನೆಯಲ್ಲಿ ನನಗೆ ಮರ್ಯಾದೆ ಸಿಗುತ್ತಿದ್ದದ್ದು ಆ ಒಂದು ಗಳಿಗೆಯಲ್ಲಿ ಮಾತ್ರ. ಸೆರಗು ಸರಿ ಮಾಡಿಕೊಂಡು ದನಿ ಎತ್ತಿದೆ.

"ಬಿಳಿಜ್ವಾಳದ ಹೊಲದಾಗ ತೂಗ್ಯಾಡತೈತಿ ತೆನಿ..."

ಇಲ್ಲಿ ಹೆಸರು ಬರಬೇಕು. ಬರಲಿಲ್ಲ. ನಾಲಿಗೆಯ ತುದಿಯಲ್ಲಿ ಇರಲಿಲ್ಲ, ಎದೆಯಲ್ಲಿ ಇರಲಿಲ್ಲ, ಎಲ್ಲಿಯೂ ಇರಲಿಲ್ಲ. ಆದರೆ ಒಡಪಿನ ಲಯ ನಿಲ್ಲುವುದಿಲ್ಲ, ಬಾಯಿ ತನ್ನಷ್ಟಕ್ಕೆ ಮುಂದೆ ಹೋಯಿತು.

"...ಶರಣಪ್ಪನವರು ಬಂದ್ರ ತುಂಬತೈತಿ ನನ್ನ ಮನಿ."

ಚೇಷ್ಟೆ ಇರಬೇಕು ಎಂದು ಒಬ್ಬಳು ಕಿಸಕ್ಕನೆ ನಕ್ಕಳು. ನನ್ನ ಮುಖ ನೋಡಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನೀಲವ್ವ ಹಿಂದಿನಿಂದ ಮುಂದೆ ಬಂದರು.

"ನೋಡ್ರೆವಾ! ಒಂಬತ್ತು ವರ್ಷ ಮುಚ್ಚಿಟ್ಟಿದ್ದು ಇವತ್ತು ದೇವರ ಬಾಯಿ ಬಿಡಿಸ್ಯಾನ. ಇಕಿಗೆ ಎಚ್‌ಐವಿ ಕೊಟ್ಟಾವ ಆ ಶರಣಪ್ಪನ. ಇಕಿ ತಂದು ನನ್ನ ತಮ್ಮಗ ಹಚ್ಯಾಳ."

ಸವಿತಾಳ ಕೈಯಲ್ಲಿದ್ದ ಗುಗ್ಗರಿ ತಟ್ಟೆಯನ್ನು ಯಾರೋ ತೆಗೆದುಕೊಂಡರು. ತನ್ನ ತಾಯಿಗೆ ಆ ಕಾಯಿಲೆ ಇದೆ, ತಂದೆಗೂ ಇದೆ, ತಾಯಿ ಪರಪುರುಷನ ಹೆಸರು ಹೇಳಿದಳು. ನನ್ನ ಮಗು ಈ ಮೂರನ್ನೂ ಒಂದೇ ಉಸಿರಿನಲ್ಲಿ ಕೇಳಿತು. ಹತ್ತಿರ ಬಂದು ಮೆಲ್ಲಗೆ ಕೇಳಿದಳು:

"ಅವ್ವಾ, ಯಾರವ್ವಾ ಶರಣಪ್ಪ?"

"ಗೊತ್ತಿಲ್ಲ," ಅಂದೆ. ಅದು ಸತ್ಯ. ಆದರೆ ಅದಕ್ಕಿಂತ ಕೆಟ್ಟ ಉತ್ತರ ಇನ್ನೊಂದಿರಲಿಲ್ಲ. ನಮ್ಮ ಮನೆಯವರು ಗಂಡಸರ ಪಂಕ್ತಿಯಲ್ಲಿ ಊಟಕ್ಕೆ ಕೂತಿದ್ದರು. ಎದ್ದು ಬಂದು ಎಲ್ಲವನ್ನೂ ಕೇಳಿಸಿಕೊಂಡರು. ಒಂದು ಮಾತು ಆಡಿದ್ದರೆ ಸಾಕಿತ್ತು. ಅವರು ತಲೆ ತಗ್ಗಿಸಿ ಹೊರಗೆ ಹೋದರು. ಮೋಸಹೋದ ಗಂಡ ಹೇಗೆ ಹೋಗುತ್ತಾನೋ ಹಾಗೇ ಹೋದರು. "ಇನ್ನ ಈ ಕೂಸು ರಜಾಕ್ಕೂ ಆ ಮನಿಗೆ ಹೋಗೂದು ಬ್ಯಾಡ, ನಾ ನೋಡ್ಕೋತೀನಿ" ಎಂದು ನೀಲವ್ವ ಸವಿತಾಳ ಹೆಗಲ ಮೇಲೆ ಕೈಯಿಟ್ಟರು. ಸವಿತಾ ಬೇಡ ಅನ್ನಲಿಲ್ಲ. ಅಲ್ಲಿಯವರೆಗೆ ವಾರಕ್ಕೊಮ್ಮೆ ಬರುತ್ತಿದ್ದವಳು ಬರುವುದನ್ನು ಬಿಟ್ಟಳು, ನನ್ನ ಫೋನು ಎತ್ತುವುದನ್ನೂ ಬಿಟ್ಟಳು.

ಊರಿನಲ್ಲಿ ಶರಣಪ್ಪನ ಹುಡುಕಾಟ ಶುರುವಾಯಿತು. ಅಂಚೆ ಹಂಚುವ ಶರಣಪ್ಪ, ಹಿಟ್ಟಿನ ಗಿರಣಿ ಶರಣಪ್ಪ, ಹಾಲಿನ ಡೇರಿ ಶರಣಪ್ಪ. ಒಬ್ಬೊಬ್ಬರ ಹೆಂಡತಿಯೂ ತನ್ನ ಗಂಡನನ್ನು ಮನೆಯೊಳಗೆ ಹಾಕಿಕೊಂಡು ವಿಚಾರಣೆ ಮಾಡಿದಳಂತೆ. ನನ್ನ ಬದುಕು ಹೋಗದಿದ್ದರೆ ನಾನೂ ನಗುತ್ತಿದ್ದೆ. ಕೊನೆಗೆ ಎಲ್ಲರ ಕಣ್ಣು ಬಿದ್ದದ್ದು ನಿವೃತ್ತ ಶರಣಪ್ಪ ಮಾಸ್ತರರ ಮೇಲೆ. ಎಪ್ಪತ್ತು ದಾಟಿದ ಮುದುಕರು, ದಿನಾ ಹತ್ತು ಗಂಟೆಗೆ ಗ್ರಂಥಾಲಯಕ್ಕೆ ಬಂದು ಪೇಪರ್ ಓದುತ್ತಿದ್ದರು. ಹಾಜರಿ ಪುಸ್ತಕದಲ್ಲಿ ನಾನು ಬರೆಯುತ್ತಿದ್ದ ಮೊದಲ ಹೆಸರು ಅವರದೇ. ಬಾಯಿಗೆ ಬಂದದ್ದು ಅದಕ್ಕೇ ಇರಬೇಕು. ಮರುವಾರ ಅವರ ಸೊಸೆ ಬಂದು ಎರಡು ಪುಸ್ತಕಗಳನ್ನು ಮೇಜಿನ ಮೇಲೆ ಕುಕ್ಕಿ, "ಮಾವಾರು ಇನ್ನ ಬರೂದಿಲ್ಲ" ಎಂದು ಹೋದಳು. ತಿಂಗಳು ತುಂಬುವುದರೊಳಗೆ, ಸ್ವಲ್ಪ ದಿನ ವಿಶ್ರಾಂತಿ ತೊಗೊಳ್ರಿ ಎಂದು ಪಂಚಾಯ್ತಿಯವರು ನನ್ನ ಕೈಯಿಂದ ಗ್ರಂಥಾಲಯದ ಕೀಲಿ ಇಸಿದುಕೊಂಡರು.

ಗುಳಿಗೆಗೆ ಹೋದಾಗ ಕೊಪ್ಪಳದ ಆಸ್ಪತ್ರೆಯ ಆಪ್ತಸಮಾಲೋಚಕಿಯ ಮುಂದೆ ಎಲ್ಲವನ್ನೂ ಹೇಳಿ ಅತ್ತೆ. ಅವರು ನರರೋಗದ ಡಾಕ್ಟರಿಗೆ ಚೀಟಿ ಬರೆದು, ಮನೆಯವರನ್ನು ಕರೆದುಕೊಂಡೇ ಬರಬೇಕು ಅಂದರು. ನನಗೆ ಬೇಕಾಗಿದ್ದದ್ದು ಒಂದೇ. ಇದು ಕಾಯಿಲೆ, ತಪ್ಪೊಪ್ಪಿಗೆ ಅಲ್ಲ ಎಂದು ಡಾಕ್ಟರು ಬರೆದು ಕೊಡಬೇಕು, ಅದನ್ನು ನನ್ನ ಮಗಳು ಓದಬೇಕು.

ಕಾಯುವ ಬೆಂಚಿನಲ್ಲಿ ಪಕ್ಕಕ್ಕೆ ಕುಷ್ಟಗಿ ಕಡೆಯ ಹೆಂಗಸೊಬ್ಬಳು ಕೂತಿದ್ದಳು. ನಮ್ಮದೇ ಗುಳಿಗೆ ಡಬ್ಬಿ ಅವಳ ಚೀಲದಲ್ಲೂ ಇತ್ತು. ಗಂಡನ ಹೆಸರು ಮರೆತೆ ಅಂದಾಗ ಅವಳು ಬೆಚ್ಚಲಿಲ್ಲ. "ನಾ ಮರ್ತಿಲ್ಲ ನೋಡು. ನನ್ನ ಗಂಡ ಸತ್ತು ಆರು ವರ್ಷ ಆತು, ದಿನಾ ಮುಂಜಾನಿ ಹೆಸರು ಹಿಡದು ಬೈತೀನಿ. ಬೈದ ಮ್ಯಾಲೆ ಚಾ," ಅಂದಳು. ತಿಂಗಳಾದ ಮೇಲೆ ನಾನು ನಕ್ಕದ್ದು ಅಲ್ಲೇ. ತಂದಿದ್ದ ಶೇಂಗಾದ ಹೋಳಿಗೆಯಲ್ಲಿ ಅರ್ಧ ಮುರಿದು ಕೊಟ್ಟಳು.

ಡಾಕ್ಟರು ನನಗಿಂತ ಚಿಕ್ಕ ವಯಸ್ಸಿನ ಹೆಣ್ಣುಮಗಳು, ನಮ್ಮ ಕಡೆಯವರೇ. ಐದು ಪದ ಹೇಳಿ, ಸ್ವಲ್ಪ ಹೊತ್ತಿನ ಮೇಲೆ ತಿರುಗಿ ಕೇಳಿದರು. ನನಗೆ ಎರಡು ಸಿಕ್ಕವು. ಗಡಿಯಾರ ಬರೆಯಿರಿ ಅಂದರೆ ಅಂಕಿಗಳನ್ನೆಲ್ಲ ಒಂದೇ ಪಕ್ಕಕ್ಕೆ ತುರುಕಿದೆ. ಬೆರಳುಗಳನ್ನು ಬೇಗ ಬೇಗ ಬಡಿಯಿರಿ ಅಂದರೆ ಬೆರಳು ಮಾತು ಕೇಳಲಿಲ್ಲ. ಆಮೇಲೆ ಕೇಳಿದರು:

"ನಿಮ್ಮ ಯಜಮಾನರ ಹೆಸರು ಏನ್ರಿ?"

ನಮ್ಮ ಮನೆಯವರು ತಟ್ಟನೆ ಅಡ್ಡ ಬಂದರು. "ನಮ್ಮ ಕಡಿ ಹೆಣ್ಮಕ್ಕಳು ಗಂಡನ ಹೆಸರು ಹೇಳೂದಿಲ್ರಿ, ಮೇಡಂ."

"ನಂಗೊತ್ತೈತ್ರಿ. ನಮ್ಮವ್ವನೂ ಹೇಳೂದಿಲ್ಲ. ಒಡಪಿನ್ಯಾಗ ಹೇಳ್ರಿ ಅಕ್ಕಾರ, ಕೇಳ್ತೀನಿ," ಎಂದು ಡಾಕ್ಟರು ಪೆನ್ನು ಕೆಳಗಿಟ್ಟರು.

"ಆನೆಗೊಂದಿ ಬಾಳಿ, ಗಂಗಾವತಿ ನೆಲ್ಲ..." ಎಂದು ಶುರು ಮಾಡಿದೆ. ಹೆಸರಿನ ಜಾಗ ಬಂತು. ಈ ಸಲ ಬಾಯಿ ಬಿಗಿ ಹಿಡಿದುಕೊಂಡೆ. "...ಅವರ ಹೆಸರ ಹೇಳ್ತೀನಿ, ಕೇಳ್ರಿ ನೀವೆಲ್ಲ," ಎಂದು ಮುಗಿಸಿದೆ. ಪ್ರಾಸ ಸರಿಯಾಗಿತ್ತು, ಲಯ ಸರಿಯಾಗಿತ್ತು. ಹೆಸರಿನ ಜಾಗ ಖಾಲಿ ಇತ್ತು. ಗಂಡನ ಪಕ್ಕದಲ್ಲೇ ಕೂತು, ಅವರ ಹೆಸರು ಸಿಗದೆ, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತೆ. ಡಾಕ್ಟರು ಎದ್ದು ಬಂದು ನೀರು ಕೊಟ್ಟರು.

ತಲೆಯ ಸ್ಕ್ಯಾನು, ಬೇರೆ ಬೇರೆ ರಕ್ತ ಪರೀಕ್ಷೆ ಎಲ್ಲ ಮುಗಿದ ಮೇಲೆ ಅವರು ನನಗೆ ತಿಳಿಯುವ ಹಾಗೆ ಹೇಳಿದರು. "ಜ್ವಾಳದ ಹೊಲದಾಗ ಅಟ್ಟದ ಮ್ಯಾಲೆ ಕುಂತು ಹಕ್ಕಿ ಕಾಯ್ತಾರಲ್ರಿ, ಹಂಗ ನಮ್ಮ ಮೈಯಾಗೂ ಕಾಯೋರದಾರ. ಹಕ್ಕಿ ಬಂತು ಅಂದ್ರ ಒಬ್ಬರಿಗೊಬ್ಬರು ಕೂಗಿ ಹೇಳ್ತಾರ. ನಿಮ್ಮ ಗುಳಿಗಿ ಹಕ್ಕಿ ಓಡಿಸ್ಯಾವ. ಆದ್ರ ಕಾಯೋರು ಕೂಗೂದು ಬಿಡವಲ್ರು. ಕವಣಿ ಬೀಸಕೋಂತನ ಅದಾರ. ಆ ಕಲ್ಲು ಈಗ ತೆನಿಗೇ ಬೀಳಾಕತ್ತಾವ. ನಿಮ್ಮ ತಲಿಯೊಳಗ ನಡದಿದ್ದು ಅದು."

"ಹೋದ ತೆನಿ ಬರ್ತಾವೇನ್ರಿ?" ಎಂದು ಕೇಳಿದೆ.

"ಕೆಲವು ಬರಬಹುದು. ಎಲ್ಲಾ ಅಂತ ನಾ ಮಾತು ಕೊಡೂದಿಲ್ಲ," ಅಂದರು. ಸುಳ್ಳು ಸಮಾಧಾನ ಹೇಳದೆ ಇದ್ದದ್ದಕ್ಕೆ ಅವರ ಮೇಲೆ ನನಗೆ ಇವತ್ತಿಗೂ ಪ್ರೀತಿ. ಗುಳಿಗೆ ಬದಲಿಸಿದರು, ದಿನಾ ಓದಬೇಕು, ಬರೆಯಬೇಕು, ನಡೆಯಬೇಕು ಅಂದರು. ನಾನು ಬೇಡಿಕೊಂಡದ್ದಕ್ಕೆ ಒಂದು ಚೀಟಿಯನ್ನು ಕನ್ನಡದಲ್ಲೇ ಬರೆದರು. ಕಾಯಿಲೆಯಿಂದ ಇವರಿಗೆ ನೆನಪಿನ ತೊಂದರೆ ಇದೆ, ಹೆಸರುಗಳು ಮರೆಯುತ್ತವೆ, ಒಂದರ ಬದಲು ಇನ್ನೊಂದು ಹೆಸರು ಬರುತ್ತದೆ, ಇದರಲ್ಲಿ ಇವರ ತಪ್ಪಿಲ್ಲ ಎಂದು ಬರೆದು ಸಹಿ ಹಾಕಿದರು. ಅದನ್ನು ನಮ್ಮ ಮನೆಯವರ ಕೈಗೆ ಕೊಟ್ಟು, "ಇದನ್ನ ಮಗಳಿಗೆ ತೋರಸ್ರಿ" ಅಂದರು. ಅವರು ಮಡಚಿ ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡರು.

ಕೊಪ್ಪಳದ ಬಸ್ ಸ್ಟ್ಯಾಂಡಿನಲ್ಲಿ ತಾವರಗೇರಾ ಬಸ್ಸಿಗೆ ಕಾಯುವಾಗ ಅವರು ಕೇಳಿದರು: "ಒಂಬತ್ತು ವರ್ಷದ ಹಿಂದ ಇಲ್ಲೇ ಕುಂತಿದ್ವಿ. ನಾ ಏನ ಹೇಳಿದ್ನಿ, ನೆನಪೈತೇನ ನಿನಗ?"

ನಾನು ಪೆದ್ದಿ, ನನ್ನ ನೆನಪು ಇನ್ನೂ ಉಳಿದಿದೆಯೋ ಎಂಬ ಕಾಳಜಿಯಿಂದ ಕೇಳಿದರು ಅಂದುಕೊಂಡೆ. "ಯಾಕಿಲ್ರಿ, ನಿಮ್ಮಿಂದನ ಬಂತು ಅಂತ ಹೇಳಿದ್ರಿ. ಅತ್ರಿ. ಆಮ್ಯಾಲೆ ಮಿರ್ಚಿ ಮಂಡಾಳ ತಿಂದ್ವಿ."

"ಮಿರ್ಚಿ ತಿಂದಿಲ್ಲ," ಅಂದರು. "ಅವತ್ತು ನಾವು ಏನೂ ತಿಂದಿಲ್ಲ. ನೋಡು, ನಿನಗ ಎಲ್ಲಾ ಕಲಸಿ ಹೋಗೈತಿ." ಅವರ ದನಿಯಲ್ಲಿ ಬಿಡುಗಡೆ ಇತ್ತು. ಆ ಕ್ಷಣ ನನಗೂ ದಿಗಿಲಾಯಿತು. ಮಿರ್ಚಿ ತಿಂದದ್ದು ಇನ್ಯಾವುದೋ ದಿನವಿದ್ದೀತು. ಮಿರ್ಚಿ ಸುಳ್ಳಾದರೆ ಅವರ ಅಳುವೂ ಸುಳ್ಳಾಗುತ್ತದೆಯೇ? ಊರು ಬರುವವರೆಗೂ ಆ ದಿನವನ್ನು ಮೊದಲಿನಿಂದ ಕೊನೆಯವರೆಗೆ ನೆನೆಯುತ್ತ ಬಂದೆ. ಅತ್ತದ್ದು ನಿಜ. ಅವರ ಮೂಗಿನ ತುದಿಯಿಂದ ನೀರು ಇಳಿದು ಬೆಂಚಿನ ಮೇಲೆ ಬಿದ್ದದ್ದನ್ನು ನೋಡಿದ್ದೇನೆ.

ಹೊಸ ಗುಳಿಗೆ ಶುರುವಾದ ಮೇಲೆ ತಿಂಗಳು ತಿಂಗಳಿಗೆ ಸ್ವಲ್ಪ ಸ್ವಲ್ಪ ತಿಳಿಯಾಯಿತು. ರೊಟ್ಟಿ ಮತ್ತೆ ದುಂಡಗಾದವು. ಹೆಸರುಗಳು ಒಂದೊಂದೇ ಬಂದವು, ಕೆಲವು ಇನ್ನೂ ಬಂದಿಲ್ಲ. ಒಂದು ಮುಂಜಾನೆ ಕಸ ಗುಡಿಸುವಾಗ ಗಂಡನ ಹೆಸರು ಬಂತು. ಕಸಬರಿಗೆ ಹಿಡಿದುಕೊಂಡೇ ಗೋಡೆಯ ಕಡೆ ತಿರುಗಿ, ಒಡಪಿಲ್ಲದೆ, ಮೂರು ಸಲ ಹೇಳಿದೆ. ಮಗಳಿಗೆ ಚೀಟಿ ತೋರಿಸಿದಿರಾ ಎಂದು ಅವರನ್ನು ವಾರಕ್ಕೊಮ್ಮೆ ಕೇಳುತ್ತಿದ್ದೆ. ತೋರಿಸ್ತೀನಿ, ಗಡಿಬಿಡಿ ಏನೈತಿ ಅನ್ನುತ್ತಿದ್ದರು.

ಆರು ತಿಂಗಳ ಮೇಲೆ ಒಂದು ಭಾನುವಾರ ಸವಿತಾ ತಾನಾಗಿಯೇ ಬಂದಳು. ಇಳಿದುಹೋಗಿದ್ದಳು. ಚೀಲವನ್ನು ಹೆಗಲಿನಿಂದ ಇಳಿಸಲಿಲ್ಲ, ನಿಂತೇ ಮಾತಾಡಿದಳು.

"ಅವ್ವಾ, ಕಾಲೇಜಿನ್ಯಾಗ ಎಚ್‌ಐವಿ ಪಾಠ ಆತು. ಅತ್ತಿ ಹೇಳೂದು ಒಂದ, ನಾ ಓದಿದ್ದು ಒಂದ. ವರ್ಷಾ ಎರಡೆರಡು ತಿಂಗಳು ಹೊರಗಿದ್ದಾವ ಅಪ್ಪ. ಖರೇ ಹೇಳು, ಯಾರಿಂದ ಬಂತು?"

ಒಂಬತ್ತು ವರ್ಷದ ಗಂಟನ್ನು ಬಿಚ್ಚಿದೆ. ಮಷಿನ್ ಜೊತೆ ಹೋದದ್ದು, ಬಸ್ ಸ್ಟ್ಯಾಂಡು, ಅಳು, ಕಾಲಿಗೆ ಬೀಳ್ತೀನಿ ಅಂದದ್ದು, ಎಲ್ಲವನ್ನೂ ಹೇಳಿದೆ. ಕೊನೆಗೆ ಜೀವಮಾನದಲ್ಲಿ ಮೊದಲ ಬಾರಿಗೆ ಇನ್ನೊಬ್ಬರ ಎದುರು ಗಂಡನ ಹೆಸರನ್ನು ಒಡಪಿಲ್ಲದೆ ಹೇಳಿದೆ. "ಮಲ್ಲಿಕಾರ್ಜುನ. ಅವರಿಂದನ ಬಂದೈತಿ." ಹೇಳಿ ಮುಗಿಸಿದಾಗ ಮೈ ಹಗುರವಾಯಿತು. ಸವಿತಾ ಚೀಲ ಇಳಿಸಿದಳು.

ಅಂಗಳದಲ್ಲಿ ಮಷಿನ್ನಿನ ಬೆಲ್ಟು ತಿಕ್ಕುತ್ತ ಇದನ್ನು ಕೇಳಿಸಿಕೊಂಡ ನಮ್ಮ ಮನೆಯವರು ಕೈ ಒರೆಸಿಕೊಳ್ಳುತ್ತ ಒಳಗೆ ಬಂದರು. ಬೈಯಲಿಲ್ಲ, ಹೊಡೆಯಲಿಲ್ಲ. ಬೈದಿದ್ದರೆ ನಾನು ಗೆಲ್ಲುತ್ತಿದ್ದೆ. ಟ್ರಂಕು ತೆಗೆದು ಆ ಚೀಟಿಯನ್ನು ಮಗಳ ಕೈಗೆ ಕೊಟ್ಟರು.

"ಸಿಟ್ಟಾಗಬ್ಯಾಡವಾ ನಿಮ್ಮವ್ವನ ಮ್ಯಾಲೆ. ಡಾಕ್ಟರ ಬರದು ಕೊಟ್ಟಾರ, ಓದು. ಅವತ್ತು ಶರಣಪ್ಪ ಅಂದ್ಳು, ಇವತ್ತು ನನ್ನ ಹೆಸರು ಹೇಳಾಕತ್ತಾಳ. ನಾಳೆ ಯಾರ ಹೆಸರು ಬರತೈತೋ. ಪಾಪ, ಆಕಿ ತಪ್ಪೇನೈತಿ ಇದರಾಗ."

ಸವಿತಾ ನರ್ಸಿಂಗ್ ಓದುವವಳು. ಚೀಟಿಯನ್ನು ಎರಡು ಸಲ ಓದಿದಳು, ಡಾಕ್ಟರರ ಸಹಿ ನೋಡಿದಳು. ಅವಳ ಮುಖದಿಂದ ಸಿಟ್ಟು ಇಳಿದದ್ದನ್ನು ನಾನು ಕಣ್ಣಾರೆ ಕಂಡೆ. ಅದಕ್ಕಾಗಿ ಆರು ತಿಂಗಳು ಕಾದಿದ್ದೆ. ಆದರೆ ನಂಬಿಕೆ ಬರಬೇಕಾದ ಜಾಗಕ್ಕೆ ಕನಿಕರ ಬಂತು. ಓಡಿ ಬಂದು ನನ್ನನ್ನು ಅಪ್ಪಿಕೊಂಡು ಬಿಕ್ಕಿದಳು.

"ಅವ್ವಾ, ನಿನಗ ಹಿಂಗಾಗೈತಿ ಅಂತ ನನಗ ಗೊತ್ತ ಇರಲಿಲ್ಲ. ಸುಮ್ನ ನಿನ್ನ ಬಿಟ್ಟು ಕುಂತಿದ್ನಿ." ಬೆನ್ನು ಸವರುತ್ತ, ಚಿಕ್ಕ ಕೂಸನ್ನು ಕೇಳುವ ದನಿಯಲ್ಲಿ ಕೇಳಿದಳು: "ಹೇಳು, ಬಸ್ ಸ್ಟ್ಯಾಂಡಿನ್ಯಾಗ ಅಪ್ಪ ಹಂಗ ಅಂದಿದ್ದು ಖರೇನ ನೆನಪೈತೇನು? ಇಲ್ಲಾ, ಮರ್ತೀಯೇನು?"

ಅವಳ ಹೆಗಲ ಮೇಲಿಂದ ನನಗೆ ಅವರ ಮುಖ ಕಾಣುತ್ತಿತ್ತು. ನೆನಪಿದೆ ಅಂದರೆ ಅವಳು ತಂದೆಯನ್ನು ನಂಬಬೇಕೋ ತಾಯಿಯನ್ನು ನಂಬಬೇಕೋ ತಿಳಿಯದೆ ಚೀಲ ಎತ್ತಿಕೊಂಡು ಗಂಗಾವತಿಗೆ ಹೋಗುತ್ತಾಳೆ. ಅವಳ ಕೈ ಬೆಚ್ಚಗಿತ್ತು.

"ಇಲ್ಲವಾ, ಮರ್ತೀನಿ," ಅಂದೆ.

ಅಂದಿನಿಂದ ಅವಳು ಭಾನುವಾರ ತಪ್ಪಿಸುವುದಿಲ್ಲ. ಡಾಕ್ಟರು ಹೇಳಿದ ಅಭ್ಯಾಸಗಳನ್ನು ತ್ರಾಸಿಲ್ಲದೆ ಮಾಡಿಸುತ್ತಾಳೆ. ಚಮಚ, ಹಣಿಗೆ, ಸೂಜಿ ಎಂದು ಮೂರು ಸಾಮಾನು ಮುಂದಿಟ್ಟು ಹೆಸರು ಕೇಳುತ್ತಾಳೆ, ವಾರ ಕೇಳುತ್ತಾಳೆ, ತಿಂಗಳು ಕೇಳುತ್ತಾಳೆ. ಕೊನೆಗೆ ಅಪ್ಪನ ಹೆಸರು ಕೇಳುತ್ತಾಳೆ. ಅದು ನನಗೆ ಚೆನ್ನಾಗಿ ನೆನಪಿದೆ. ಆದರೂ ಬಸ್ಸಿನ ಹೊತ್ತಾಗುತ್ತ ಬಂದರೆ ತಡವರಿಸುತ್ತೇನೆ. ಆಗ ಅವಳು ಚೀಲ ಕೆಳಗಿಟ್ಟು, "ಇರಲಿ ಅವ್ವಾ, ಸಾವಕಾಶ ನೆನಪು ಮಾಡ್ಕೊ" ಎಂದು ಇನ್ನಷ್ಟು ಹೊತ್ತು ನನ್ನ ಪಕ್ಕದಲ್ಲಿ ಕೂರುತ್ತಾಳೆ.